ಹನ್ನೆರಡನೆಯ ಸೂಜಿ

"ಹನ್ನೊಂದು," ಎಂದಳು ಅಕ್ಕ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಸೂಜಿ ಚುಚ್ಚಿಡುವ ಮೆತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ತುದಿಯಿಂದ ಒಂದೊಂದು ಸೂಜಿಯ ನೆತ್ತಿಯನ್ನೂ ಮುಟ್ಟುತ್ತ, ತುಟಿಯಲ್ಲೇ ಎಣಿಸುತ್ತ. ಕಣ್ಣು ಮಾತ್ರ ಎದುರಿನ ಗೋಡೆಯ ಮೇಲೆಲ್ಲೋ ಇತ್ತು. ಕಿಟಕಿಯ ಬಳಿ ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ತಂಗಿ ಪೆಡಲಿನ ಮೇಲಿದ್ದ ಕಾಲನ್ನು ಒತ್ತಲೂ ಇಲ್ಲ, ತೆಗೆಯಲೂ ಇಲ್ಲ. ಈ ಮನೆಯಲ್ಲಿ ಕೈಹೊಲಿಗೆಯ ಸೂಜಿಗಳು ಹನ್ನೆರಡು. ಇಪ್ಪತ್ತು ವರ್ಷದಿಂದ ಹನ್ನೆರಡೇ. ಒಂದು ಮುರಿದರೆ ಅದರ ಎರಡು ತುಂಡೂ ಕೈಗೆ ಸಿಕ್ಕಮೇಲೇ ಹೊಸದು ಮೆತ್ತೆಗೇರಬೇಕು, ಇದು ಅಕ್ಕನ ಕಾನೂನು. ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ಎಣಿಕೆ. ನಿನ್ನೆ ಮಾತ್ರ ಹೆರಿಗೆ ಆಸ್ಪತ್ರೆಯ ವ್ಯಾನು ಹೇಳಿದ್ದಕ್ಕಿಂತ ಎರಡು ಗಂಟೆ ಮೊದಲೇ ಬಂದು ಬಾಗಿಲಲ್ಲಿ ಹಾರ್ನ್ ಹೊಡೆದು, ಮೂವತ್ತು ಪುಟ್ಟ ಚೀಲಗಳನ್ನು ತುಂಬಿಕೊಡುವ ಗಡಿಬಿಡಿಯಲ್ಲಿ ಎಣಿಕೆ ತಪ್ಪಿಹೋಗಿ ಇವತ್ತು ಬೆಳಿಗ್ಗೆಗೆ ಉಳಿದಿತ್ತು. ಆ ಚೀಲಗಳು ಹೊಸ ತಾಯಂದಿರಿಗೆ. ಒಳಗೆ ಮಗುವಿನ ಟೋಪಿ, ಕಾಲುಚೀಲ ಇಟ್ಟು ಕೊಡುತ್ತಾರಂತೆ. ತೆಳ್ಳಗೆ ಹತ್ತಿ ತುಂಬಿದ, ಮೆತ್ತಗಿನ ಚೀಲಗಳು.

ಹನ್ನೆರಡನೆಯ ಸೂಜಿ ಎಲ್ಲಿ ಹೋಯಿತೆಂದು ತಂಗಿಗೆ ಗೊತ್ತಿರಲಿಲ್ಲ. ಕಡೆಗೆ ಅದು ಯಾರ ಕೈಯಲ್ಲಿತ್ತೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ತನ್ನ ಕೈಯಲ್ಲಿ. ಹಾರ್ನ್ ಕೇಳಿದಾಗ ಬೆರಳುಗಳ ನಡುವೆ ಇತ್ತು, ದಾರ ಸಮೇತ. ಆಮೇಲೆ ಇರಲಿಲ್ಲ. ನಡುವಿನ ಆ ಒಂದು ಕ್ಷಣವನ್ನು ಅವಳು ಎಷ್ಟು ಕೆದಕಿದರೂ ಅಲ್ಲಿ ಏನೂ ಸಿಗಲೊಲ್ಲದು. ಅಕ್ಕನ ಕೋಣೆಯಲ್ಲಿ ಮಂಚ ಕಿರುಗುಟ್ಟಿದ್ದು, ತಾನು ಧಡಕ್ಕನೆ ಎದ್ದದ್ದು, ಚೀಲಗಳನ್ನು ಬಾಚಿ ಬುಟ್ಟಿಗೆ ಹಾಕಿದ್ದು, ಅಷ್ಟೇ. ಈಗ ಬಾಯಿಬಿಟ್ಟು "ನನ್ನ ಕೈಯಲ್ಲಿತ್ತು" ಎಂದುಬಿಟ್ಟರೆ ಮುಗಿಯಿತು. ಆದರೆ ಮಧ್ಯಾಹ್ನದ ಹೊತ್ತು, ಅಕ್ಕ ಮಲಗಿರುವಾಗ, ಕೈಸೂಜಿ ನಿನ್ನ ಕೈಗೆ ಯಾಕೆ ಬಂತೇ ಎಂದು ಅಕ್ಕ ಕೇಳದೆ ಬಿಡುತ್ತಾಳೆಯೇ? ಕೈಸೂಜಿಯ ಕೆಲಸ ಅಕ್ಕನದು. ಚೀಲವನ್ನು ಒಳಮಗ್ಗುಲಾಗಿ ಯಂತ್ರದಲ್ಲಿ ಹೊಲಿದು, ಲೈನಿಂಗಿನಲ್ಲಿ ನಾಲ್ಕು ಬೆರಳಗಲ ಬಾಯಿ ಬಿಟ್ಟು, ಆ ಬಾಯಿಯಿಂದ ಇಡೀ ಚೀಲವನ್ನು ಹೊರಕ್ಕೆಳೆದು ಮಗುಚುವವರೆಗೆ ತಂಗಿ. ಆಮೇಲೆ ಆ ಬಾಯನ್ನು ಕಣ್ಣಿಗೆ ಕಾಣದ ಹಾಗೆ ಕೈಯಲ್ಲಿ ಮುಚ್ಚುವುದು ಅಕ್ಕ. ಕೊಳ್ಳುವವರು ಚೀಲದ ಬಣ್ಣ ನೋಡುವ ಮೊದಲು ಒಳಗನ್ನು ಹೊರಗೆ ಮಾಡಿ ಆ ಜಾಗ ಹುಡುಕುತ್ತಾರೆ, ಸಿಗದಿದ್ದರೆ "ಇದು ಅಕ್ಕನ ಕೈ" ಎನ್ನುತ್ತಾರೆ. ಊರಿಗೆಲ್ಲ ಅವಳು ಅಕ್ಕನೇ. ಯಂತ್ರ ತುಳಿಯುವವಳನ್ನು ಯಾರೂ ಏನೂ ಅನ್ನುವುದಿಲ್ಲ.

ಎಂಟು ತಿಂಗಳ ಹಿಂದೆ ಒಂದು ಕನ್ನಡಕದ ಪೌಚನ್ನು ಕೈಗೆತ್ತಿಕೊಂಡಾಗ ತಂಗಿಗೆ ಅದು ಕಂಡಿತ್ತು: ಹೊಲಿಗೆ ದಾರಿ ತಪ್ಪಿದ ಇರುವೆಯ ಹಾಗೆ ಮೇಲೆ ಹೋಗಿ, ಕೆಳಗೆ ಬಂದು, ಒಂದು ಕಡೆ ಬಟ್ಟೆಯನ್ನೇ ಬಿಟ್ಟು ಹೊರಗೆ ನಡೆದಿತ್ತು. ಅಕ್ಕನ ಕಣ್ಣು ಮಂಜಾಗುತ್ತಿದೆ ಎಂಬುದನ್ನು ಇಬ್ಬರೂ ಬಲ್ಲರು, ಇಬ್ಬರೂ ಆಡುವುದಿಲ್ಲ. ಅವತ್ತು ಅಕ್ಕ ಮಲಗಿದ ಮೇಲೆ ತಂಗಿ ಆ ಹೊಲಿಗೆ ಬಿಚ್ಚಿ, ಅಕ್ಕನ ಹೊಲಿಗೆಯ ಓರೆ, ಅಕ್ಕನ ಅಂತರ ಎಲ್ಲವನ್ನೂ ಹಾಗೆಯೇ ತಂದು, ಮತ್ತೆ ಹೊಲಿದಿಟ್ಟಳು. ಒಂದು ಸಲಕ್ಕೆಂದು ಮಾಡಿದ್ದು ದಿನದ ಕೆಲಸವಾಯಿತು. ಬೆಳಿಗ್ಗೆ ಅಕ್ಕ ಮುಚ್ಚುವುದು, ಮಧ್ಯಾಹ್ನ ತಂಗಿ ಬಿಚ್ಚಿ ಮುಚ್ಚುವುದು. ಅಕ್ಕ ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳುತ್ತಾಳೆ, ಆದರೆ ಆ ಮೇಣದ ಉಂಡೆ ಅವಳ ಏಪ್ರನ್ ಜೇಬಿನಲ್ಲಿ ಅವಳ ಜೊತೆಗೇ ಮಲಗುತ್ತದೆ. ತಂಗಿ ರೀಲಿನಿಂದ ಎಳೆದದ್ದನ್ನೇ ಹಾಗೇ ಪೋಣಿಸಿಕೊಳ್ಳುತ್ತಿದ್ದಳು. ಮೊದಮೊದಲು ಅಯ್ಯೋ ಪಾಪ ಎನಿಸುತ್ತಿತ್ತು, ಬಿಚ್ಚುವಾಗ ಕಣ್ಣು ತುಂಬುತ್ತಿತ್ತು ಕೂಡ. ಆಮೇಲಾಮೇಲೆ, ಹಾಳಾದ್ದು ಮನಸ್ಸು, ಅವಳು ಆ ಹೊತ್ತಿಗಾಗಿ ಕಾಯತೊಡಗಿದಳು. ಅಕ್ಕನ ಗೊರಕೆ ಶುರುವಾಗುತ್ತಲೇ ಬೆರಳಿಗೆ ಒಂದು ಹುಮ್ಮಸ್ಸು. ಯಾರಾದರೂ ಬಂದು "ಅಕ್ಕನ ಕೈ ಅಂದ್ರೆ ಕೈ" ಎಂದಾಗ ಅಕ್ಕ ತಲೆ ತಗ್ಗಿಸಿ ನಗುತ್ತಿದ್ದಳು. ಯಂತ್ರದ ಹಿಂದೆ ಇನ್ನೊಬ್ಬಳು ಒಳಗೊಳಗೇ ನಗುತ್ತಿದ್ದಳು.

"ಮತ್ತೆ ಹನ್ನೊಂದೇ," ಎಂದಳು ಅಕ್ಕ. "ಚಾಪೆ ಎತ್ತು. ಮೆಲ್ಲಗೆ. ಕೊಡವಬೇಡ."

ಹುಡುಕಿದರು. ಚಾಪೆಯ ಕೆಳಗೆ, ಬಟ್ಟೆ ಚೂರುಗಳ ಡಬ್ಬಿಯಲ್ಲಿ, ಜಿಪ್ಪುಗಳ ಕಟ್ಟಿನಲ್ಲಿ. ಹಗ್ಗ ಕಟ್ಟಿದ ಅಯಸ್ಕಾಂತವನ್ನು ತಂಗಿ ನೆಲದ ಮೇಲೆ ಎಳೆದಾಡಿದಳು; ಅದಕ್ಕೆ ಮೂರು ಗುಂಡುಸೂಜಿ, ಒಂದು ಕೊಂಡಿ, ಯಾವ ಕಾಲದ್ದೋ ಒಂದು ಮೊಳೆ ಅಂಟಿಕೊಂಡವು. ಅಂಗೈ ಊರಿ ನೆಲ ಸವರುತ್ತಿದ್ದ ಅಕ್ಕನ ಬೆನ್ನು ನೋಡುತ್ತ ತಂಗಿಗೆ ಹಿಂದೆಂದಿನದೋ ಇನ್ನೊಂದು ನೆಲ ಕಂಡಿತು. ಉದ್ದನೆಯ ಷೆಡ್ಡು, ನಲವತ್ತು ಯಂತ್ರ, ನಲವತ್ತು ಹೆಂಗಸರು, ಎಲ್ಲರೂ ಎದ್ದು ನಿಂತಿದ್ದಾರೆ. ಹೊಲಿಗೆ ಕಾರ್ಖಾನೆಗೆ ಅವಳು ಸೇರಿ ಇನ್ನೂ ಎರಡು ವಾರ. ಅಕ್ಕನ ಮಾತಿನ ಮೇಲೆ ಸಿಕ್ಕ ಕೆಲಸ. ಸೂಜಿಯ ಒಂದು ಮುರುಕು ಸಿಕ್ಕಿಲ್ಲ. ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಹೆಂಗಸರೆಲ್ಲ ಗೂಬೆ ಎಂದು ಕರೆಯುತ್ತಿದ್ದ ಮೇಲ್ವಿಚಾರಕ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದಾನೆ. "ಯಾರ ಸೂಜಿ? ಯಾರ ಸೂಜಿ ಇದು?" ಮುರಿದದ್ದು ತಂಗಿಯ ಸೂಜಿ; ಅವಳು ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಾಳೆ. ಇನ್ನೊಂದು ಹೆಜ್ಜೆ, ಇನ್ನೊಂದು. ಆಗ ಎರಡು ಸಾಲು ಆಚೆಯಿಂದ ಅಕ್ಕನ ದನಿ, ತರಕಾರಿಯವನಿಗೆ ಉತ್ತರ ಕೊಟ್ಟಷ್ಟು ಸಲೀಸಾಗಿ: "ನಂದೇ." ಅಕ್ಕನನ್ನು ಮೂರು ತಿಂಗಳು ದಾರ ಕತ್ತರಿಸುವ ಮೇಜಿಗೆ ಹಾಕಿದರು, ಹೊಸ ಹುಡುಗಿಯರ ಜೊತೆ. ಹೋಗುವಾಗ ಬರುವಾಗ ಗೂಬೆ ಏನಾದರೊಂದು ಅನ್ನುತ್ತಿದ್ದ, ಉಳಿದವರು ನಗುತ್ತಿದ್ದರು, ತಂಗಿಯೂ ಒಮ್ಮೆ ನಕ್ಕಿದ್ದಳು. ಅದಾಗಿ ನಲವತ್ತು ವರ್ಷ. ಅಕ್ಕ ಅದರ ಸುದ್ದಿ ಎತ್ತಿದವಳಲ್ಲ. ಅವಳೂ ಎತ್ತಲಿಲ್ಲ.

"ಸೂಜಿ ಮನೇಲಿಲ್ಲ," ಎಂದಳು ಅಕ್ಕ, ಗೋಡೆ ಹಿಡಿದು ಎದ್ದು ನಿಲ್ಲುತ್ತ. "ಚೀಲದಲ್ಲಿ ಹೋಗಿದೆ. ನನ್ನ ಕೈಯಿಂದ ಜಾರಿ ಒಳಗೆ ಬಿದ್ದಿರಬೇಕು, ನಾನು ಹಾಗೇ ಬಾಯಿ ಮುಚ್ಚಿದೀನಿ. ನಡಿ, ಹೋಗೋಣ."

"ಎಲ್ಲಿಗೆ?"

"ಎಲ್ಲಿಗೆ ಅಂತ ಬೇರೆ ಕೇಳ್ತೀಯಲ್ಲ. ಆಸ್ಪತ್ರೆಗೆ. ಮೂವತ್ತೂ ಬಿಚ್ಚಿ ನೋಡಬೇಕು."

"ನಿನಗೆಲ್ಲೋ ಮರುಳು. ಸೂಜಿ ಬಿಟ್ಟು ಹೊಲಿದಿದೀವಿ ಅಂತ ನಾವೇ ಹೋಗಿ ಹೇಳಿದ್ರೆ ಇನ್ನೊಂದು ಸಲ ಕೆಲಸ ಕೊಡ್ತಾರಾ? ಇಲ್ಲೇ ಎಲ್ಲೋ ಇರುತ್ತೆ ಅಕ್ಕ. ನಾಳೆ ಗುಡಿಸುವಾಗ ಸಿಗುತ್ತೆ."

"ಅದರ ಪಕ್ಕದಲ್ಲಿ ಕೂಸು ಮಲಗಿಸ್ತಾರೆ ಕಣೇ," ಎಂದಳು ಅಕ್ಕ. ಅಷ್ಟೇ ಅಂದದ್ದು. ಚಪ್ಪಲಿ ಹುಡುಕತೊಡಗಿದಳು.

ಬಿಸಿಲು ಚುರುಗುಟ್ಟುತ್ತಿತ್ತು, ನಿನ್ನೆಯ ಮೋಡ, ಚಳಿಗಾಳಿ ಎಲ್ಲಿ ಹೋದವೋ. ಬಸ್ಸಿನಲ್ಲಿ, ಇಳಿದ ಮೇಲೆ ರಸ್ತೆ ದಾಟುವಾಗ, ಅಕ್ಕ ಅವಳ ಮೊಣಕೈ ಹಿಡಿದಿದ್ದಳು, ಹಿಡಿದಿಲ್ಲವೇನೋ ಎಂಬ ಹಾಗೆ, ಎರಡೇ ಬೆರಳಲ್ಲಿ. ಫುಟ್‌ಪಾತಿನ ಕಲ್ಲು ಎಲ್ಲಿ ಎದ್ದಿದೆ, ಎಲ್ಲಿ ಕುಸಿದಿದೆ ಎಂದು ತಂಗಿ ಹೇಳಬಾರದು. ತನ್ನ ಹೆಜ್ಜೆಯನ್ನು ಕೊಂಚ ತಡೆದರೆ ಸಾಕು, ಅಕ್ಕನಿಗೆ ತಿಳಿಯುತ್ತದೆ. ಈ ಏರ್ಪಾಟು ಕೂಡ ಮಾತಿಲ್ಲದೆ ಆದದ್ದು. ಹೇಳಿಬಿಡಬೇಕು, ಈಗಲೇ, ಈ ಔಷಧಿ ಅಂಗಡಿ ದಾಟುವುದರೊಳಗೆ, ಎಂದುಕೊಂಡಳು. ಅಂಗಡಿ ದಾಟಿತು. ಆ ದೀಪದ ಕಂಬ ಬರಲಿ. ಕಂಬವೂ ಬಂದುಹೋಯಿತು. ಏನೆಂದು ಹೇಳುವುದು? ಸೂಜಿ ಕಳೆದದ್ದು ನಾನು, ಯಾಕೆಂದರೆ ನಿನ್ನ ಹೊಲಿಗೆ ಬಿಚ್ಚುತ್ತಿದ್ದೆ, ಯಾಕೆಂದರೆ ಅದು ನೋಡುವ ಹಾಗಿರಲಿಲ್ಲ. ಒಂದು ಸುಳ್ಳನ್ನು ಎಳೆದರೆ ಅದರ ಹಿಂದೆ ಎಂಟು ತಿಂಗಳು ಎದ್ದು ಬರುತ್ತದೆ. ಸೂಜಿ ಕಳೆಯುವುದು ಯಾರಿಗಾದರೂ ಆಗುವಂಥದ್ದು, ಅಕ್ಕ ಅದನ್ನು ತಡೆದುಕೊಂಡಾಳು, ಇನ್ನೊಂದನ್ನು ತಡೆದುಕೊಳ್ಳಲಾರಳು. ಹೀಗೆ ತನ್ನ ಹೇಡಿತನಕ್ಕೆ ಅಕ್ಕನ ಮೇಲಿನ ಅಕ್ಕರೆಯ ಅಂಗಿ ತೊಡಿಸಿ ನೋಡಿದಳು; ಅಂಗಿ ಮೈಗೆ ಕೂರಲಿಲ್ಲ.

ಆಸ್ಪತ್ರೆಯ ದೊಡ್ಡ ನರ್ಸ್ ಅಕ್ಕ ಹೇಳಿದ್ದನ್ನು ಕೇಳಿಸಿಕೊಂಡಳು. ಎತ್ತರದ ಹೆಂಗಸು, ಜೇಬಿನಲ್ಲಿ ಮೂರು ಪೆನ್ನು. ಮುಖ ಮೊದಲು ಬಿಳುಪಾಯಿತು, ಆಮೇಲೆ ಬಿಗಿಯಿತು. "ಒಂದನ್ನ ಬೆಳಿಗ್ಗೆನೇ ಕೊಟ್ಟಾಯ್ತಲ್ರೀ," ಎಂದು ಅರ್ಧ ಓಡಿಕೊಂಡೇ ವಾರ್ಡಿಗೆ ಹೋಗಿ ಅದನ್ನು ತಂದಳು. ಒಳಗೆ ಹೆಬ್ಬೆರಳ ಗಾತ್ರದ ಕಾಲುಚೀಲಗಳು ಇನ್ನೂ ಇದ್ದವು. ಆಚೆಗೆಲ್ಲೋ ಹಸುಗೂಸೊಂದು ಕಿರುಚುತ್ತಿತ್ತು. ಯಾವ ಕೂಸೋ, ಯಾತಕ್ಕೋ. ಪ್ರತಿ ಕಿರುಚಿಗೂ ತಂಗಿ ವಾರ್ಡಿನ ಬಾಗಿಲ ಕಡೆ ತಿರುಗುತ್ತಿದ್ದಳು. ಅಯಸ್ಕಾಂತ ಇಲ್ಲಿ ಉಪಯೋಗಕ್ಕಿಲ್ಲ, ಪ್ರತಿ ಚೀಲಕ್ಕೂ ಲೋಹದ ಟಿಚ್ ಬಟನ್ ಇದೆ. ಕಾರಿಡಾರಿನ ಬೆಂಚಿನ ಮೇಲೆ ಅಕ್ಕತಂಗಿಯರು ಚೀಲಗಳ ರಾಶಿ ನಡುವೆ ಹಾಕಿಕೊಂಡು ಕೂತರು. ತಂಗಿ ಹೊಲಿಗೆ ಕೀಳುವ ಕೊಕ್ಕೆಯಿಂದ ಬಾಯಿ ಬಿಚ್ಚುವುದು, ಅಕ್ಕ ಒಳಗೆ ಬೆರಳಾಡಿಸಿ ಹತ್ತಿಯ ಪದರವನ್ನೆಲ್ಲ ಒತ್ತಿ ನೋಡುವುದು. ಹೋಗುವ ಬರುವವರು ನಿಂತು ನೋಡಿದರು. ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದ ಬಸುರಿಯೊಬ್ಬಳು ಏನಾಯ್ತು ಎಂದು ಕೇಳಿದ್ದಕ್ಕೆ ನರ್ಸ್ "ಏನಿಲ್ಲಮ್ಮ, ನೀವು ನಡೀರಿ" ಎಂದಳು. ಹೊಲಿಗೆಗಳು ಸುಲಭವಾಗಿ ಬರುತ್ತಿದ್ದವು. ಒಂದು ಕಡೆ ಕೊಕ್ಕೆ ಹಾಕಿ ಎಳೆದರೆ ಸರ್ರನೆ ಇಡೀ ಸಾಲೇ ಕೈಗೆ. ಐದು, ಹತ್ತು, ಹದಿನೇಳು. ಸೂಜಿ ಇಲ್ಲ.

"ಹೊಲಿಗೆ ಏನೋ ಚೆನ್ನಾಗಿದೆ," ಎಂದಳು ನರ್ಸ್ ಒಂದನ್ನು ತಿರುಗಿಸಿ ನೋಡುತ್ತ. ಸಿಟ್ಟು ಕೊಂಚ ಇಳಿದಿತ್ತು. "ಮಿಷಿನ್ನೂ ಹೀಗೆ ಹಾಕಲ್ಲ. ಇದೊಂದು ಮಾತ್ರ ನೋಡಿ, ಎತ್ತೆತ್ತಲಾಗೋ ಹೋಗಿದೆ. ಚಿಕ್ಕ ಮಕ್ಕಳ ಕೈಯಲ್ಲಿ ಹೊಲಿಸಿದ್ರಾ? ಯಾರಿಗೂ ಕೊಡೋ ಹಾಗಿಲ್ಲ ಅಂತ ಪಕ್ಕಕ್ಕಿಟ್ಟಿದ್ದೆ."

ತಂಗಿಯ ಕೈ ನಿಂತಿತು. ನಿನ್ನೆಯ ಕಡೆಯ ಚೀಲ. ಬಿಚ್ಚಬೇಕೆಂದು ಎಳೆದುಕೊಳ್ಳುವಷ್ಟರಲ್ಲಿ ಹಾರ್ನ್ ಕೇಳಿ, ಹಾಗೆಯೇ ಬುಟ್ಟಿಗೆ ಬಿದ್ದದ್ದು.

"ಕೊಡಿ ಇಲ್ಲಿ," ಎಂದಳು ಅಕ್ಕ. ಹೆಬ್ಬೆರಳು ಹೊಲಿಗೆಯ ಮೇಲೆ ಹೋಯಿತು, ಒಂದು ತುದಿಯಿಂದ ಇನ್ನೊಂದು ತುದಿಗೆ, ಯಾರದೋ ಮುಖ ಮುಟ್ಟಿ ಗುರುತು ಹಿಡಿಯುವ ಹಾಗೆ. ಅದನ್ನು ತೊಡೆಯ ಮೇಲಿಟ್ಟಳು. ರಾಶಿಯಿಂದ ಇನ್ನೂ ಬಿಚ್ಚದ ಒಂದನ್ನು ತೆಗೆದುಕೊಂಡು ಅದರ ಬಾಯನ್ನೂ ಮುಟ್ಟಿದಳು. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ನಿಲ್ಲಿಸಿದಳು. ತಂಗಿ ಅವಳ ಮುಖ ನೋಡಲಾರದೆ ಅವಳ ಕೈ ನೋಡುತ್ತಿದ್ದಳು. ಆ ಕೈಯೂ ನೋಡುವ ಹಾಗಿರಲಿಲ್ಲ. ಅಕ್ಕ ತಲೆಯೆತ್ತಿ ನರ್ಸಿನ ದನಿ ಬಂದ ಕಡೆಗೆ ನಕ್ಕಳು.

"ಅದು ನಮ್ಮ ತಂಗೀದು," ಎಂದಳು. "ಈಗೀಗ ಕಲೀತಿದಾಳೆ. ಇನ್ನೂ ಕೈ ಕೂತಿಲ್ಲ."

"ಓ," ಎಂದು ನರ್ಸ್ ಅರವತ್ತು ದಾಟಿದ ತಂಗಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೌದು," ಎಂದಳು ತಂಗಿ. "ನಂದೇ ಅದು." ಈ ಮಾತನ್ನು ಅವಳು ಜೀವಮಾನದಲ್ಲಿ ಮೊದಲ ಸಲ ಆಡಿದ್ದು, ಅದೂ ಸುಳ್ಳಿಗೆ.

"ನಿಂದು ನೀನೇ ಬಿಚ್ಚು," ಎಂದು ಅಕ್ಕ ಅದನ್ನು ಅವಳ ಕಡೆಗೆ ಚಾಚಿದಳು. ಅದು ಬಿಚ್ಚಿಕೊಳ್ಳಲಿಲ್ಲ. ಕೊಕ್ಕೆ ದಾರದಡಿ ಹೋಗಲೊಲ್ಲದು. ಸೊಟ್ಟಗಿದ್ದ ಒಂದೊಂದು ಹೊಲಿಗೆಯೂ ಬಟ್ಟೆಯನ್ನು ಕಚ್ಚಿಕೊಂಡು ಕೂತಿತ್ತು. ಒಂದೊಂದನ್ನೇ ಕತ್ತರಿಸಬೇಕಾಯಿತು. ನರ್ಸ್ ಅಲ್ಲೇ ನಿಂತಿದ್ದಳು, ಅಷ್ಟು ಹೊತ್ತೂ. ಒಳಗೆ ಹತ್ತಿ ಬಿಟ್ಟರೆ ಏನೂ ಇರಲಿಲ್ಲ. ಉಳಿದ ಹನ್ನೆರಡರಲ್ಲೂ ಇರಲಿಲ್ಲ. "ಸದ್ಯ," ಎಂದಳು ನರ್ಸ್, ಎದೆಯ ಮೇಲೆ ಕೈಯಿಟ್ಟು. "ನೀವಾಗೇ ಬಂದು ಹೇಳಿದಿರಿ, ಅದು ದೊಡ್ಡದು. ಆದ್ರೆ ಮುಂದಿನ ಸಲದ ಮಾತು ಈಗ ಬೇಡ, ಆಯ್ತಾ?" ಯಾರೋ ಕರೆದರು, ಹೋದಳು. ಇನ್ನು ಮೂವತ್ತು ಬಾಯಿಗಳನ್ನು ಮತ್ತೆ ಮುಚ್ಚಬೇಕಿತ್ತು. ಅಕ್ಕ ಏಪ್ರನ್ ಜೇಬಿನಿಂದ ಮೇಣ ತೆಗೆದು, ದಾರ ಎಳೆದು, ಎರಡೆರಡು ಸಲ ಉಜ್ಜಿ, ಒಂದೊಂದೇ ಎಳೆಯನ್ನು ಅವಳ ಕಡೆ ಚಾಚತೊಡಗಿದಳು.

"ನೀನೂ ಒಂದಷ್ಟು ಹಾಕು ಅಕ್ಕ," ಎಂದಳು ತಂಗಿ.

"ನೀನೇ ಹಾಕು. ಚೆನ್ನಾಗಿ ಹಾಕ್ತೀಯಲ್ಲ," ಎಂದಳು ಅಕ್ಕ.

ವಾಪಸ್ಸು ಬರುವಾಗ ಅಕ್ಕ ಮೊಣಕೈ ಹಿಡಿಯಲಿಲ್ಲ. ಗೋಡೆಗಳ ಪಕ್ಕಕ್ಕೆ, ಕಂಪೌಂಡು, ಗೇಟು, ಮತ್ತೆ ಕಂಪೌಂಡು ಸವರುತ್ತ ನಡೆದಳು. ಒಂದು ಕಡೆ ಕಲ್ಲು ಎದ್ದಿತ್ತು. ತಂಗಿ ಹೆಜ್ಜೆ ತಡೆದದ್ದು ಯಾರಿಗೂ ತಿಳಿಯಲಿಲ್ಲ, ಅಕ್ಕ ಮುಗ್ಗರಿಸಿದಳು. ಹಿಡಿದುಕೊಳ್ಳಲು ಹೋದರೆ "ಬಿಡು, ಬಿದ್ದಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು, ನಡುರಸ್ತೆಯಲ್ಲಿ ಕೆನ್ನೆಗೆ ಬಾರಿಸಿದ್ದರೂ ಆಗುತ್ತಿತ್ತು. ಅಕ್ಕನಿಗೆ ಗೊತ್ತಾಗಿದೆಯೋ, ಅಥವಾ ಬೆರಳಿಗೂ ಮಂಜು ಕವಿದು ಅದು ನಿಜವಾಗಿ ತಂಗಿಯದೇ ಎಂದುಕೊಂಡಳೋ ಎಂಬ ಒಂದು ಆಸೆಯ ಎಳೆಯನ್ನು ತಂಗಿ ಬಸ್ಸಿಡೀ ಹಿಡಿದುಕೊಂಡು ಬಂದಳು. ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಮನೆಗೆ ಬಂದು ಅಕ್ಕ ತನ್ನ ಜಾಗದಲ್ಲಿ ಕೂತು, ಬೆರಳ ತುದಿಗೆ ಸದಾ ತೊಟ್ಟಿರುತ್ತಿದ್ದ ಲೋಹದ ಅಂಗುಸ್ತಾನ ಕಳಚಿ, ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆ ಬೆರಳ ತುದಿ ಒಂದು ಥರಾ ಬೆಳ್ಳಗೆ, ಸುಕ್ಕಾಗಿ, ಬೇರೆ ಯಾರದೋ ಬೆರಳಿನ ಹಾಗಿತ್ತು.

"ಸೂಜಿ ಕಳ್ಕೊಂಡೋಳಿಗೆ ಸೂಜಿ ಯಾತಕ್ಕೆ," ಎಂದಳು. "ಇನ್ನು ಮುಚ್ಚೋದೂ ನೀನೇ ನೋಡ್ಕೊ."

ಈಗಲೂ ಅಕ್ಕ ಕಳೆದವಳು ತಾನೇ ಎಂದುಕೊಂಡಿದ್ದಾಳೆ. ತಂಗಿ ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದಳು. ಬಾಗಿಲ ಹಿಂದಿನ ಗೂಟಕ್ಕೆ ಕೈಚೀಲ ತೂಗುಹಾಕಲು ಹೋದಾಗ ಅಂಗೈಗೆ ಚುರ್ರೆಂದಿತು. ಗೂಟದಲ್ಲಿ ಅವಳ ಬೂದು ಸ್ವೆಟರು. ನಿನ್ನೆ ಚಳಿಯೆಂದು ಹಾಕಿಕೊಂಡದ್ದು. ಎಡ ಹೆಗಲಿನ ಉಣ್ಣೆಯಲ್ಲಿ ನೆತ್ತಿಯವರೆಗೆ ಹುದುಗಿ ಕೂತಿತ್ತು ಹನ್ನೆರಡನೆಯ ಸೂಜಿ, ಒಂದು ಗೇಣು ಬಿಳಿ ದಾರದೊಂದಿಗೆ. ಎದ್ದೇಳುವಾಗ ಸೂಜಿಯನ್ನು ಹೆಗಲಿಗೆ ಸಿಕ್ಕಿಸಿಕೊಳ್ಳುವುದು ಕಾರ್ಖಾನೆಯಲ್ಲಿ ಕಲಿತ ಚಾಳಿ. ಕೈ ತಾನಾಗಿ ಮಾಡಿತ್ತು, ತಲೆಗೆ ಹೇಳಿರಲಿಲ್ಲ. ಅವಳು ಅದನ್ನು ಉಣ್ಣೆಯಿಂದ ಕಿತ್ತುಕೊಂಡಳು. ಕಿಟಕಿಯಾಚೆ ಚರಂಡಿಯಿತ್ತು. ಅದೂ ಒಮ್ಮೆ ಮನಸ್ಸಿಗೆ ಬಂತು, ಬರಲಿಲ್ಲವೆಂದು ಹೇಳಲಾಗದು.

"ಸಿಕ್ತು," ಎಂದಳು ಹೊರಗೆ ಬಂದು. "ಚಾಪೆ ಕೆಳಗಿತ್ತು."

ಅಕ್ಕ ಅಂಗೈ ಚಾಚಿದಳು. ಬೆರಳು ಸೂಜಿಯ ನೆತ್ತಿಗೆ ಹೋಯಿತು, ಅಲ್ಲಿಂದ ದಾರಕ್ಕೆ, ದಾರದ ಉದ್ದಕ್ಕೂ ತುದಿಯವರೆಗೆ, ಮತ್ತೆ ಹಿಂದಕ್ಕೆ.

"ಮೇಣ ಇಲ್ಲ," ಎಂದಳು. "ಯಾರ ಸೂಜಿ ಇದು?"

ಕೈ ಹಿಂದೆ ಕಟ್ಟಿಕೊಂಡು ಯಾರೂ ನಡೆಯುತ್ತಿರಲಿಲ್ಲ. ಎರಡು ಸಾಲು ಆಚೆ ಯಾರೂ ಇರಲಿಲ್ಲ.

"ನಂದು," ಎಂದಳು ತಂಗಿ. "ಚಾಪೆ ಕೆಳಗಲ್ಲ. ಸ್ವೆಟರಿನ ಹೆಗಲಲ್ಲಿತ್ತು."

"ಎಷ್ಟು ದಿನದಿಂದ?"

"ಎಂಟು ತಿಂಗಳು."

"ಎಲ್ಲಾನೂ?"

"ಎಲ್ಲಾನೂ. ಆ ಒಂದು ಬಿಟ್ಟು."

ಅವಳು ಕಾದಳು. ನಿನಗೆ ನೋವಾಗಬಾರದು ಅಂತ, ನಿನ್ನ ಹೆಸರು ಉಳೀಲಿ ಅಂತ, ಎಂದು ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಅವುಗಳಲ್ಲಿ ಯಾವುದಕ್ಕೂ ಬೇಕಾದ ಪ್ರಶ್ನೆಯನ್ನು ಅಕ್ಕ ಕೇಳಲಿಲ್ಲ. ಆ ಗೇಣುದ್ದ ದಾರವನ್ನೇ ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು. ಎರಡು ಹೊಸೆತಕ್ಕೇ ಅದು ತುದಿಯಲ್ಲಿ ಜೂಲಾಗಿ ಬಿಡಿಸಿಕೊಂಡಿತು.

"ಎಲ್ಲದಕ್ಕೂ ಹಿಂಗೇ ಬರೀ ದಾರಾನಾ?"

"ಹೂಂ."

"ಅಯ್ಯೋ, ಬಿಚ್ಕೊಳ್ಳುತ್ತಲ್ಲೇ!" ಎಂದಳು ಅಕ್ಕ. ಬೈಗುಳವಾಗಿರಲಿಲ್ಲ ಅದು, ಒಲೆಯ ಮೇಲಿಟ್ಟದ್ದು ಸೀದುಹೋಯಿತೆಂದು ತಿಳಿದವಳ ಕೂಗು. "ಮೇಣ ಇಲ್ದಿದ್ರೆ ಒಂದೊಂದೇ ಬಿಚ್ಕೊಳ್ಳುತ್ತೆ. ನಾಕು ಸಲ ಒಗೆದ್ರೆ ಆಯ್ತು. ಎಂಟು ತಿಂಗಳ ಮಾಲು! ಎಲ್ಲಾ ಕೈಯಲ್ಲಿ ಹಿಡ್ಕೊಂಡು ಬರ್ತಾರೆ. ಅಕ್ಕನ ಕೈ ಹೋಯ್ತು ಅಂತಾರೆ."

"ನಾನು ಹೇಳ್ತೀನಿ ಅಕ್ಕ. ಹೊಲಿದದ್ದು ನಾನು ಅಂತ ನಾನೇ ಹೇಳ್ತೀನಿ."

"ನೀನು ಹೇಳಲ್ಲ," ಎಂದಳು ಅಕ್ಕ. ಬಟ್ಟೆಯ ಅಳತೆ ಹೇಳುವ ದನಿ, ಒಂದಿಷ್ಟೂ ಕೋಪವಿಲ್ಲ. ಸೂಜಿಯಿಂದ ದಾರ ಎಳೆದು ಹಾಕಿ, ಮೆತ್ತೆಯನ್ನು ತಡಕಿ ಹತ್ತಿರಕ್ಕೆಳೆದುಕೊಂಡು, ಖಾಲಿಯಿದ್ದ ಜಾಗವನ್ನು ಹೆಬ್ಬೆರಳಲ್ಲಿ ಹುಡುಕಿ ಚುಚ್ಚಿದಳು.

"ಹನ್ನೆರಡು," ಎಂದಳು. "ಬರಲಿ ಬಿಡು. ನಂದೇ ಅಂತೀನಿ."